ಕೊಳಾಯಿ ಕ್ಲಾಸಿನ ಮೇಲೆ ದಂಡಯಾತ್ರೆ

ನನ್ನ ಮಗಳು ಅರೀಜಳನ್ನು ಹೈಸ್ಕೂಲಿನಲ್ಲಿ ಕೊಳಾಯಿ ಕ್ಲಾಸಿಗೆ ಹಾಕಿದ್ದಾರೆಂಬ ಸುದ್ದಿ ನನಗೆ ತಿಳಿದದ್ದು ಔಷಧಿ ಅಂಗಡಿಯಲ್ಲಿ, ಬೆನ್ನುನೋವಿನ ಮುಲಾಮು ಕೊಳ್ಳುವಾಗ. ಬೆಳಗಿನ ಐದರಿಂದ ರಾತ್ರಿ ಎಂಟರವರೆಗೆ ನಮ್ಮೂರು ಸಲ್ತ್‌ನಿಂದ ರಾಜಧಾನಿ ಅಮ್ಮಾನಿಗೆ ಮಿನಿಬಸ್ಸು ಓಡಿಸುವವನಿಗೆ ಸ್ವಂತ ಮನೆಯ ಸುದ್ದಿ ಊರಿಗೆಲ್ಲ ಗೊತ್ತಾದ ಮೇಲೆ ಗೊತ್ತಾಗುವುದು ವಾಡಿಕೆ. ಅದರ ಬಗ್ಗೆ ನನ್ನ ದೂರಿಲ್ಲ. ಆದರೆ ಕೊಳಾಯಿ!

“ಅದೃಷ್ಟವಂತರು ಬಿಡಿ ಅಬು ಅರೀಜ್ ನೀವು,” ಎಂದರು ಅಂಗಡಿಯ ಡಾಕ್ಟರ್ ಮುನ್ದಿರ್. ನಮ್ಮಲ್ಲಿ ಮಗುವಿನ ಹೆಸರಿಂದಲೇ ಕರೆಯುವುದು: ಅಪ್ಪ ಅಬು ಅರೀಜ್, ಅಮ್ಮ ಉಮ್ಮ್ ಅರೀಜ್. ನಮ್ಮ ಮೆಟ್ಟಿಲು ಓಣಿಯಲ್ಲೇ ನಮಗಿಂತ ಹದಿನಾಲ್ಕು ಮೆಟ್ಟಿಲು ಮೇಲೆ ಅವರ ಮನೆ. “ಸ್ಕೂಲ್ ಗೇಟಿಗೆ ಪಟ್ಟಿ ಅಂಟಿಸಿದಾರೆ. ನಿಮ್ಮ ಹುಡುಗಿಗೆ ಕೊಳಾಯಿ ಕೆಲಸ.”

“ನಿಮ್ಮ ಜುಮಾನಾಗೆ?”

“ಚಿತ್ರಕಲೆ,” ಎಂದು ಅವರು ನಿಟ್ಟುಸಿರು ಬಿಟ್ಟರು.

ಆ ನಿಟ್ಟುಸಿರನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಳ್ಳಲಿಲ್ಲ. ಉಳ್ಳವರು ಹಿಗ್ಗನ್ನು ಮುಚ್ಚಿಕೊಳ್ಳಲು ಬಿಡುವ ನಿಟ್ಟುಸಿರು ಅದು ಎಂದುಕೊಂಡೆ. ‘ಅದೃಷ್ಟವಂತರು’ ಎಂದದ್ದಂತೂ ನೇರವಾಗಿ ನನ್ನ ಮುಖಕ್ಕೆ ಎಸೆದ ಕುಹಕ.

ಈ ವರ್ಷ ಸರಕಾರಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಸ ವ್ಯವಸ್ಥೆ ಬಂದಿತ್ತು. ಹತ್ತನೆಯ ತರಗತಿಯ ಹುಡುಗಿಯರು ಪಾಠದ ಜೊತೆಗೆ ಒಂದು ಕಲೆಯನ್ನೋ ಕಸುಬನ್ನೋ ಆರಿಸಿಕೊಂಡು ಕಲಿಯಬೇಕು. ಚಿತ್ರಕಲೆ, ಊದ್ ನುಡಿಸುವುದು, ಹೊಲಿಗೆ, ತಲೆ ಬಾಚಿ ಸಿಂಗರಿಸುವುದು, ಅಡುಗೆ, ಮೊಬೈಲ್ ರಿಪೇರಿ, ಕೊನೆಗೆ ಕೊಳಾಯಿ. ಈ ಸುದ್ದಿ ಬಂದ ದಿನವೇ ನಾನು ಬಸ್ ನಿಲ್ದಾಣದಲ್ಲಿ ನನ್ನ ಮಗಳು ಚಿತ್ರಕಲಾವಿದೆ ಆಗುತ್ತಾಳೆಂದು ಸಾರಿಬಿಟ್ಟಿದ್ದೆ. ಆಧಾರವಿಲ್ಲದೆ ಸಾರಲಿಲ್ಲ. ಅವಳು ಐದನೆಯ ತರಗತಿಯಲ್ಲಿ ಬರೆದ ಕತ್ತೆಯ ಚಿತ್ರ ಐದು ವರ್ಷದಿಂದ ನನ್ನ ಬಸ್ಸಿನಲ್ಲಿ ಕನ್ನಡಿಯ ಪಕ್ಕ ಅಂಟಿಕೊಂಡಿದೆ. ನಾಲ್ಕು ಕಾಲು, ದಪ್ಪ ಹೊಟ್ಟೆ, ಹಿಂದೆ ಜೋತುಬಿದ್ದ ಬಾಲ. ತಲೆ ಇಲ್ಲ. ತಲೆ ಎಲ್ಲಿ ಎಂದು ಕೇಳಿದ ಪ್ರಯಾಣಿಕರಿಗೆಲ್ಲ, “ದೊಡ್ಡ ಕಲಾವಿದರು ಎಲ್ಲವನ್ನೂ ತೋರಿಸಲ್ಲ,” ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ.

ಅಂಥ ಮಗಳನ್ನು ಪೈಪಿನೊಳಗೆ ತುರುಕಿ, ಡಾಕ್ಟರರ ಮಗಳಿಗೆ ಕುಂಚ ಕೊಟ್ಟಿದ್ದಾರೆ!

“ಇದು ವಶೀಲಿ!” ಎಂದು ಗಲ್ಲಾಪೆಟ್ಟಿಗೆಯ ಮೇಲೆ ಗುದ್ದಿದೆ. “ನಾಳೇನೇ ಅವಳ ಹೆಸರು ತೆಗೆಸ್ತೀನಿ!”

ಡಾಕ್ಟರರ ಮುಖ ಥಟ್ಟನೆ ಅರಳಿತು. “ತೆಗೆಸ್ತೀರಾ? ಕೊಳಾಯಿಯಿಂದ? ಖಂಡಿತಾ?”

“ನಮ್ಮಪ್ಪನ ಗೋರಿಯಾಣೆ!”

“ಶಹಬ್ಬಾಸ್! ತಂದೆ ಅಂದ್ರೆ ಹೀಗಿರ್ಬೇಕು. ಮುಲಾಮು ಹಾಗೇ ತಗೊಂಡ್ಹೋಗಿ, ದುಡ್ಡು ಬೇಡ.”

ಹತ್ತಿಯ ಚೂರನ್ನೂ ಬಿಟ್ಟಿ ಕೊಡದ ಮನುಷ್ಯ. ನ್ಯಾಯದ ಪಕ್ಷ ಹಿಡಿದರೆ ಕಲ್ಲೆದೆಯೂ ಕರಗುತ್ತದೆಂದು ನನಗೆ ಕಣ್ಣು ಮಂಜಾಯಿತು.

ಮನೆಯಲ್ಲಿ ಅರೀಜ್ ಹಾಡು ಗುನುಗುತ್ತಿದ್ದಳು.

“ಬಾಬಾ! ನಂಗೆ ಕೊಳಾಯಿ ಸಿಕ್ತು!”

“ಗೊತ್ತಾಯ್ತಮ್ಮ,” ಎಂದೆ ಸಾವಿನ ಮನೆಯ ದನಿಯಲ್ಲಿ.

“ಮೊದಲನೇ ಆಯ್ಕೆ ಅಂತ ನಾನೇ ಬರೆದಿದ್ದೆ. ನೀವೇ ಸಹಿ ಹಾಕಿದ್ರಲ್ಲ?”

ಸಹಿ ಹಾಕಿದ್ದು ನಿಜ. ಬೆಳಗಿನ ನಾಲ್ಕೂಮುಕ್ಕಾಲಿಗೆ, ಕಾಗದವನ್ನು ಸ್ಟಿಯರಿಂಗಿನ ಮೇಲಿಟ್ಟು, ಮೃತ ಸಮುದ್ರದ ಪ್ರವಾಸಕ್ಕೆ ಒಪ್ಪಿಗೆ ಕೇಳಿದ್ದಾರೆಂದುಕೊಂಡು ಹಾಕಿದ್ದೆ. ಆದರೆ ಮುಖ್ಯ ವಿಷಯ ಅದಲ್ಲ. ಮಗಳು ನಗುತ್ತಿದ್ದಳು. ಒಳಗೊಳಗೇ ಅಳುತ್ತಿದ್ದಾಳೆಂದು ತಂದೆಯ ಕರುಳಿಗೆ ತಿಳಿಯಿತು. ಅಪ್ಪ ಬಡ ಡ್ರೈವರು, ವಶೀಲಿ ಇಲ್ಲದವನು, ಅವನಿಗೆ ನೋವಾಗದಿರಲಿ ಎಂದು ತಾನೇ ಬರೆದೆ ಎನ್ನುತ್ತಿದ್ದಾಳೆ! ಇಂಥ ತ್ಯಾಗವನ್ನು ಪುರಾಣಗಳಲ್ಲಿ ಕೇಳಿದ್ದೆ, ನಮ್ಮ ಮನೆಯ ಅಡುಗೆಕೋಣೆಯಲ್ಲಿ ನೋಡಿರಲಿಲ್ಲ.

“ಅಳ್ಬೇಡ,” ಎಂದೆ.

“ನಾನೆಲ್ಲಿ ಅಳ್ತಿದೀನಿ ಬಾಬಾ?”

“ಗೊತ್ತು, ಗೊತ್ತು.”

ನನ್ನ ಹೆಂಡತಿ ಉಮ್ಮ್ ಅರೀಜ್ ಬೀನ್ಸ್ ಬಿಡಿಸುತ್ತಿದ್ದವಳು ಕತ್ತೆತ್ತಿದಳು. “ಒಳ್ಳೇದೇ ಆಯ್ತು ಬಿಡಿ. ವಾರಕ್ಕೆ ಒಂದೇ ದಿನ ನೀರು, ಆ ದಿನವೇ ನಲ್ಲಿ ಕೆಡೋದು. ನೀವು ಬರೋದು ರಾತ್ರಿ. ಒಬ್ಬಳೇ ಇರೋವಾಗ ಪರಗಂಡಸನ್ನ ಒಳಗೆ ಕರೀಲಾ? ಬಕೆಟ್ಟು ಹಿಡ್ಕೊಂಡು ಹನ್ನೆರಡು ವರ್ಷ ಕೂತಿದೀನಿ. ಇನ್ಮೇಲೆ ಮಗಳಿದಾಳೆ.”

ತಾಯಿಯೂ ತ್ಯಾಗಕ್ಕೆ ಸೇರಿಕೊಂಡಳು. ಇಡೀ ಸಂಸಾರವೇ ನನ್ನ ಮನಸ್ಸು ನೋಯದಂತೆ ನಾಟಕವಾಡುತ್ತಿದೆ. ಮುಲಾಮು ಹಚ್ಚಿಸಿಕೊಂಡು ಮಲಗಿದೆ. ಸಿಟ್ಟಿಗೆ ಮುಲಾಮು ಹತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಎರಡು ಸರದಿ ಬಿಟ್ಟು ಹೈಸ್ಕೂಲಿನ ಗೇಟಿಗೆ ಹೋದೆ. ಕಾವಲಿನ ಅಬು ಜರೀಸ್ ಸ್ಟೂಲಿನಿಂದ ಏಳದೆಯೇ ಕೈ ಅಡ್ಡ ಹಿಡಿದ.

“ಹೆಣ್ಮಕ್ಕಳ ಸ್ಕೂಲಿದು. ಗಂಡಸರು ಒಳಗೆ ಬರೋ ಹಾಗಿಲ್ಲ.”

“ನಾನು ತಂದೆ ಕಣಯ್ಯ!”

“ಎಲ್ಲಾ ಗಂಡಸರೂ ಯಾರಿಗೋ ಒಬ್ರಿಗೆ ತಂದೇನೇ. ಮಂಗಳವಾರ ಹತ್ತರಿಂದ ಹನ್ನೊಂದು, ಮೊದಲೇ ಹೇಳಿ ಬರ್ಬೇಕು.”

“ಮಂಗಳವಾರ ಬಸ್ಸು ಯಾರು ಓಡಿಸ್ತಾರೆ, ನೀನಾ?”

“ನಾನು ಓಡಿಸಿದ್ರೆ ಗೇಟು ಯಾರು ಕಾಯ್ತಾರೆ, ನೀನಾ?”

ನೇರ ಡಾಕ್ಟರ್ ಮುನ್ದಿರರ ಬಳಿಗೆ ಬಂದೆ. ಅವರು ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ದನಿ ತಗ್ಗಿಸಿ ಹೇಳಿದರು:

“ಒಂಟಿ ಮನುಷ್ಯನ್ನ ಯಾರಾದ್ರೂ ವಾಪಸ್ ಕಳಿಸ್ತಾರೆ. ಜಾಹಾ ಕಟ್ಕೊಂಡು ಹೋಗಿ. ಜಾಹಾನ ಗೇಟಿಂದ ಆಚೆ ಕಳಿಸೋ ಗಂಡು ಈ ಸಲ್ತ್‌ನಲ್ಲಿ ಹುಟ್ಟಿಲ್ಲ.”

ಹೆಣ್ಣು ಕೇಳಲಿಕ್ಕೋ ಕೊಲೆಯ ಜಗಳ ಬಿಡಿಸಲಿಕ್ಕೋ ಊರಿನ ಹಿರಿಯರು ಗುಂಪುಗೂಡಿ ಹೋಗುವುದೇ ನಮ್ಮಲ್ಲಿ ಜಾಹಾ. ಆ ಮನೆಯವರು ಮುಂದಾಳಿಗೆ ಕಾಫಿ ಕೊಡುತ್ತಾರೆ. ಅವನು ಕುಡಿಯದೆ ಬಟ್ಟಲನ್ನು ಮುಂದಿಟ್ಟು ಬೇಡಿಕೆ ಹೇಳುತ್ತಾನೆ. ಮನೆಯವರು ‘ಕಾಫಿ ಕುಡೀರಿ, ಬಂದ ಕೆಲಸ ಆಯ್ತು’ ಎಂದರೆ ಮುಗಿಯಿತು. ಆ ಮಾತನ್ನು ಆಮೇಲೆ ಕೊಟ್ಟವರೂ ಹಿಂದಕ್ಕೆ ಪಡೆಯುವಂತಿಲ್ಲ, ಕೇಳಿದವರೂ ಬೇಡವೆನ್ನುವಂತಿಲ್ಲ. ಬೇಡಿಕೆ ಈಡೇರುವ ಮೊದಲೇ ಬಟ್ಟಲು ಖಾಲಿಯಾದರೆ ಬೇಡಿಕೆಯೂ ಖಾಲಿ.

“ಖರ್ಚು ನನ್ನದು,” ಎಂದರು ಡಾಕ್ಟರು. “ಒಂದು ತಟ್ಟೆ ಕುನಾಫಾ ಈಗ್ಲೇ ಹೇಳಿಬಿಡ್ತೀನಿ. ಕೆಲಸ ಆದ ತಕ್ಷಣ ಬಾಯಿ ಸಿಹಿ ಆಗ್ಬೇಕು.”

ನನ್ನ ಮಗಳಿಗಾಗಿ ಅವರ ಕಣ್ಣಲ್ಲಿ ಅಂಥ ಕಾತರ! ಮುಂದಿನ ಸಲ ಅಮ್ಮಾನಿಗೆ ಅವರಿಗೆ ಮುಂದಿನ ಸೀಟು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

ನಮ್ಮೂರಲ್ಲಿ ಜಾಹಾ ಎಂದರೆ ಹಾಜಿ ಫಲಾಹ್. ಐವತ್ತು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಬಟ್ಟಲುಗಳನ್ನು ಕುಡಿಯದೆ ಕೆಳಗಿಟ್ಟ ಹಿರಿಯರು. ಅವರು ಕೆಳಗಿಟ್ಟ ಬಟ್ಟಲಿನ ಕಾಫಿ ಆರಿಹೋದದ್ದನ್ನು ಯಾರೂ ನೋಡಿಲ್ಲ. ನನ್ನ ಮಾತು ಕೇಳಿ ಜಪಮಣಿ ನಿಲ್ಲಿಸಿದರು.

“ಹುಡುಗ ಯಾರು?”

“ಹುಡುಗ ಇಲ್ಲ ಹಾಜಿ.”

“ಹಾಗಾದ್ರೆ ಸತ್ತವನು ಯಾರು?”

“ಯಾರೂ ಸತ್ತಿಲ್ಲ. ಕೊಳಾಯಿ.”

“ಕೊಳಾಯಿ ಸತ್ತಿದೆಯಾ?”

ಮೊದಲಿನಿಂದ ಹೇಳಿದೆ. ಕೇಳುತ್ತ ಕೇಳುತ್ತ ಹಾಜಿಯವರ ಬಿಳಿಗಡ್ಡ ಕಂಪಿಸತೊಡಗಿತು. “ಮರ್ಯಾದಸ್ಥರ ಹೆಣ್ಮಗಳ ಕೈಗೆ ಪೈಪು ಕೊಟ್ರಾ? ಕುಂಚ ಕಿತ್ಕೊಂಡು? ನನ್ನ ಮೇಲಂಗಿ ತಗೊಂಬಾ!” ಎಂದು ಸೊಸೆಯನ್ನು ಕೂಗಿದರು. ಆ ಸಿಟ್ಟು ಸೋಂಕಿನಂತೆ ಹರಡಿತು. ನನ್ನ ಭಾವಮೈದುನರು ನಾಲ್ವರು, ಸೋದರತ್ತೆಯ ಮಕ್ಕಳು ಐವರು, ಡಾಕ್ಟರರ ಕಡೆಯಿಂದ ಆರು ಜನ, ಹಾಜಿಯವರ ಜೊತೆ ಎಲ್ಲ ಜಾಹಾಕ್ಕೂ ಊಟದ ಆಸೆಗೆ ಬರುವ ನಾಲ್ವರು. ಇವರಲ್ಲಿ ಮೂವರಿಗೆ ಮಾತ್ರ ವಿಷಯ ಗೊತ್ತಿತ್ತು. ಉಳಿದವರು ಹಾಗೆಯೇ ಕೆಂಡವಾಗಿದ್ದರು.

ಬುಧವಾರ ಹತ್ತು ಗಂಟೆಗೆ ಎಲ್ಲರನ್ನೂ ನನ್ನ ಬಸ್ಸಿಗೆ ಹತ್ತಿಸಿಕೊಂಡು ಹೊರಟೆ. ಹದಿನಾರು ವರ್ಷದ ಅಭ್ಯಾಸ, ನಿಲ್ದಾಣದ ಮುಂದೆ ಕಾಲು ತಾನಾಗಿ ಬ್ರೇಕು ಒತ್ತಿತು. ಒಬ್ಬ ಸೈನಿಕ, ಎರಡು ತಟ್ಟೆ ಮೊಟ್ಟೆ ಹಿಡಿದ ಒಬ್ಬ ರೈತ ಹತ್ತಿಕೊಂಡರು. ಇಳಿಸೋಣವೆಂದರೆ ಹಾಜಿ ಬಿಡಲಿಲ್ಲ. “ಇರ್ಲಿ ಬಿಡೋ. ಜಾಹಾದಲ್ಲಿ ತಲೆ ಹೆಚ್ಚಿದಷ್ಟೂ ತೂಕ.”

ಗೇಟಿನಲ್ಲಿ ಅಬು ಜರೀಸ್ ಈ ಸಲ ಸ್ಟೂಲಿನಿಂದ ಎದ್ದ. ಕೆಂಪು ಚೌಕಳಿ ರುಮಾಲಿನ ಇಪ್ಪತ್ತಕ್ಕೂ ಹೆಚ್ಚು ತಲೆಗಳು ಸಾಲಾಗಿ ಇಳಿಯುವುದನ್ನು ನೋಡಿ ಟೋಪಿ ತೆಗೆದ. “ಯಾರ ಮದುವೆ?” ಎಂದು ಪಿಸುಗುಟ್ಟಿದ. ಸೈನಿಕ, “ನಂಗೂ ಗೊತ್ತಿಲ್ಲಣ್ಣ,” ಎಂದು ಒಳಗೆ ನಡೆದ.

ಶಾಲೆಯ ಕಟ್ಟಡದೊಳಗೆ ಗಂಡಸರಿಗೆ ಪ್ರವೇಶವಿಲ್ಲ. ಜಾಹಾವನ್ನು ನಿಲ್ಲಿಸಿ ಮಾತಾಡಿಸುವಂತೆಯೂ ಇಲ್ಲ. ಮುಖ್ಯೋಪಾಧ್ಯಾಯಿನಿ ಸಿತ್ ರಿಹಾಬ್ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿಸಿದರು. ಮೂರು ಮಹಡಿಯ ಕಿಟಕಿಗಳಲ್ಲೂ ಹುಡುಗಿಯರ ತಲೆಗಳು ದ್ರಾಕ್ಷಿ ಗೊಂಚಲಿನಂತೆ ಜೋತುಬಿದ್ದವು. ಆಯಾ ಏಲಕ್ಕಿ ಹಾಕಿದ ಕಹಿ ಕಾಫಿಯನ್ನು ತಂದು ಹಾಜಿಯವರ ಬಟ್ಟಲಿಗೆ ಸುರಿದಳು. ಹಾಜಿ ಅದನ್ನು ಮೆಲ್ಲಗೆ ಮುಂದಿನ ಮೇಜಿನ ಮೇಲಿಟ್ಟರು.

“ತಾಯಿ ರಿಹಾಬ್, ನಿಮ್ಮ ತಂದೆ ನಂಗೆ ಗೊತ್ತು, ತಾತ ಗೊತ್ತು. ದೊಡ್ಡ ಮನೆತನ. ನಾವು ಬಂದಿರೋದು ಗುಲಾಬಿಯಂಥ ನಿಮ್ಮ ಹೆಣ್ಮಗಳನ್ನ ನಮ್ಮ ಮನೆ ಮಗನಿಗೆ…”

“ಹಾಜಿ, ಕೊಳಾಯಿ,” ಎಂದು ಹಿಂದಿನಿಂದ ತಿವಿದೆ.

“ಹಾಂ! ಅಬು ಅರೀಜನ ಮಗಳನ್ನ ಕೊಳಾಯಿಯಿಂದ ಬಿಡಿಸಿ ಚಿತ್ರಕ್ಕೆ ಹಾಕ್ಬೇಕು. ಅಲ್ಲೀವರೆಗೂ ಈ ಕಾಫಿ ನಮ್ಮ ತುಟಿಗೆ ಹತ್ತಲ್ಲ.”

ಸಿತ್ ರಿಹಾಬ್ ನನ್ನ ಕಡೆ ತಿರುಗಿದರು. “ಸಹಿ ನಿಮ್ಮದೇ ಅಲ್ವಾ?” ಕಾಗದ ತೋರಿಸಿದರು. ನನ್ನದೇ. ಪಕ್ಕದಲ್ಲಿ ಗ್ರೀಸಿನ ಹೆಬ್ಬೆಟ್ಟೂ ನನ್ನದೇ.

“ಮೇಡಂ, ಸಹಿ ಬಿಡಿ, ಪ್ರತಿಭೆ ನೋಡಿ!” ಎಂದು ಬಸ್ಸಿನಿಂದ ಕಿತ್ತು ತಂದಿದ್ದ ಚಿತ್ರವನ್ನು ಅವರ ಮುಂದೆ ಹಿಡಿದೆ. ಅವರು ಅದನ್ನು ನೇರ ಹಿಡಿದರು, ಓರೆ ಹಿಡಿದರು.

“ಏನಿದು?”

“ಕತ್ತೆ!”

“ಅರೀಜಳನ್ನೇ ಕರೀರಿ,” ಎಂದರು ಅವರು ಆಯಾಗೆ.

ಅರೀಜ್ ಬಂದಳು. ಶಾಲೆಯ ಸಮವಸ್ತ್ರದ ಮೇಲೆ ನೀಲಿ ಕೆಲಸದಂಗಿ, ಕೈಯಲ್ಲಿ ಅವಳ ಮೊಳಕೈಯುದ್ದದ ಸ್ಪ್ಯಾನರು, ಮೂಗಿನ ಮೇಲೆ ಮಸಿ. ಮೊದಲು ನನ್ನನ್ನು ನೋಡಿದಳು, ಆಮೇಲೆ ಮಾವಂದಿರನ್ನು, ಆಮೇಲೆ ಮೇಜಿನ ಮೇಲಿದ್ದ ಬಟ್ಟಲನ್ನು. ಸಲ್ತ್‌ನಲ್ಲಿ ಹುಟ್ಟಿದ ಹುಡುಗಿ. ಬಟ್ಟಲು ನೋಡಿದೊಡನೆ ಅವಳ ಮುಖ ಬಿಳಿಚಿತು.

“ಬಾಬಾ, ಏನ್ ಮಾಡ್ತಿದೀರಿ?”

“ನಿನ್ನನ್ನ ಬಿಡಿಸ್ತಿದೀನಿ ಮಗಳೇ!”

“ನಲವತ್ಮೂರು ಜನ ಕೇಳಿದ್ರು ಬಾಬಾ. ಇದ್ದದ್ದು ಹನ್ನೆರಡು ಜಾಗ. ಸೋರೋ ಪೈಪು ಕೊಟ್ಟು ಪರೀಕ್ಷೆ ಮಾಡಿದ್ರು, ನಾನು ಮೊದಲನೆಯವಳಾಗಿ ಬಂದೆ. ನಂಗೆ ಚಿತ್ರ ಬರಲ್ಲ.”

“ಬರಲ್ಲ ಅಂದ್ರೆ? ಈ ಕತ್ತೆ?”

ಅವಳು ಚಿತ್ರ ನೋಡಿದಳು. “ಇದು ಕತ್ತೆ ಅಲ್ಲ ಬಾಬಾ. ನಮ್ಮ ತಾರಸಿ ಮೇಲಿನ ನೀರಿನ ಟ್ಯಾಂಕು. ಇವು ಕಬ್ಬಿಣದ ಕಾಲು. ಇದು ಪೈಪು.”

“ಅದು ಬಾಲ!”

“ಪೈಪು.”

“ಬಾಲ ಅಂದ್ರೆ ಬಾಲ! ಐದು ವರ್ಷದಿಂದ ಅರ್ಧ ಅಮ್ಮಾನಿಗೆ ಕತ್ತೆ ಅಂತ ತೋರಿಸಿದೀನಿ!”

ಮೊಟ್ಟೆಯವನು ಕುತ್ತಿಗೆ ಚಾಚಿ ನೋಡಿ, “ಟ್ಯಾಂಕೇ ಸ್ವಾಮಿ, ನಮ್ಮನೇಲೂ ಇಂಥದ್ದೇ ಇದೆ,” ಎಂದ. ಅವನನ್ನು ಜಾಹಾಕ್ಕೆ ಸೇರಿಸಿಕೊಂಡದ್ದು ತಪ್ಪಾಯಿತು.

ಅರೀಜಳ ಕಣ್ಣಿಂದ ನೀರು ಇಳಿಯತೊಡಗಿತು. ನಗುತ್ತಿದ್ದಾಗ ಅಳುತ್ತಿದ್ದಾಳೆಂದು ಅರ್ಥ ಮಾಡಿಕೊಂಡವನು ನಾನು. ಅಳುವಾಗ ಏನೆಂದು ಅರ್ಥ ಮಾಡಿಕೊಳ್ಳಬೇಕು? ಸಂತೋಷಕ್ಕೆ ಎಂದುಕೊಂಡೆ.

ಸಿತ್ ರಿಹಾಬ್ ಚಿತ್ರವನ್ನು ನನಗೆ ಹಿಂದಿರುಗಿಸಿದರು. “ಹಾಜಿ, ನಂಗೆ ಇದು ಒಂಚೂರೂ ಇಷ್ಟವಿಲ್ಲ. ಇಂಥ ಕೈ ನಂಗೆ ಇನ್ನೊಂದು ಸಿಗಲ್ಲ. ಆದ್ರೆ ತಂದೆ ಸಹಿಯಿಂದ ಬಂದವಳು, ತಂದೆ ಮಾತಿಂದ ಹೋಗ್ತಾಳೆ, ನಿಯಮ ಅದು. ಮೇಲಾಗಿ ಇಷ್ಟು ಜನ ಹಿರಿಯರು ಬಂದು ಬರಿಗೈಲಿ ಹೋದ್ರು ಅಂತ ನಮ್ಮ ಮನೆತನಕ್ಕೆ ಮಾತು ಬರಬಾರ್ದು. ಹಾಗಾಗಿ…”

“ಹಾಗಾಗಿ ಬೇಗ ಹೇಳಿಬಿಡಿ ಮೇಡಂ!” ಎಂದು ಡಾಕ್ಟರ್ ಮುನ್ದಿರ್ ಎದ್ದು ನಿಂತರು, ಕುನಾಫಾ ತಟ್ಟೆಯ ದಾರ ಬಿಚ್ಚುತ್ತ. “ಇವಳ ಹೆಸರು ಹೊಡೆದು ನಮ್ಮ ಜುಮಾನಾದು ಬರ್ಕೊಳ್ಳಿ. ಕಾಯೋ ಪಟ್ಟೀಲಿ ಅವಳೇ ಮೊದಲು. ಪಾಪ, ಚಿತ್ರಕಲೆ ಸಿಕ್ತು ಅಂತ ಮೂರು ದಿನದಿಂದ ಊಟ ಬಿಟ್ಟಿದಾಳೆ.”

ಆ ನಿಟ್ಟುಸಿರು, ಆ ‘ಅದೃಷ್ಟವಂತರು’, ಆ ಬಿಟ್ಟಿ ಮುಲಾಮು, ಎಲ್ಲ ಒಟ್ಟಿಗೆ ಬಂದು ನನ್ನ ನೆತ್ತಿಯ ಮೇಲೆ ಕೂತವು.

“ಏನಂದ್ರಿ?” ಎಂದೆ. “ನನ್ನ ಮಗಳ ಜಾಗ ನಿಮ್ಮ ಮಗಳಿಗಾ?”

“ನಿಮಗೆ ಬೇಡವಲ್ಲ ಅಬು ಅರೀಜ್!”

“ಬೇಡ ಅಂತ ಯಾರಂದ್ರು?”

“ನೀವೇ! ನಿಮ್ಮಪ್ಪನ ಗೋರಿ ಮೇಲೆ ಆಣೆ ಹಾಕಿ!”

“ನಮ್ಮಪ್ಪ ಬಡವ, ಸತ್ತ ಮೇಲೂ ಅವನನ್ನ ಎಳೀತೀರಾ? ನಲವತ್ಮೂರು ಜನದಲ್ಲಿ ಮೊದಲು ಬಂದವಳು ಕಣ್ರೀ ನನ್ನ ಮಗಳು! ಅವಳ ಪೈಪು ಕಿತ್ಕೊಳ್ಳೋಕೆ ನನ್ನ ಬಸ್ಸಲ್ಲೇ ಕೂತ್ಕೊಂಡು ಬಂದ್ರಾ? ಇದು ವಶೀಲಿ! ಇದೇ ವಶೀಲಿ!”

ಅಷ್ಟರಲ್ಲಿ ಸಿತ್ ರಿಹಾಬ್ ಗಟ್ಟಿಯಾಗಿ ಉಸಿರೆಳೆದುಕೊಂಡು, ಅಂಗೈಯನ್ನು ಬಟ್ಟಲಿನ ಕಡೆ ಚಾಚಿ, “ಹಾಜಿ, ನಿಮ್ಮ ಕಾಫಿ…” ಎಂದು ಶುರುಮಾಡಿಬಿಟ್ಟಿದ್ದರು.

ಇನ್ನೊಂದೇ ಪದ. ಆ ಪದ ಹೊರಬಿದ್ದರೆ ಹಾಜಿ ಫಲಾಹರ ಐವತ್ತು ವರ್ಷದ ಮರ್ಯಾದೆಯೇ ನನ್ನ ಮಗಳ ಪೈಪಿಗೆ ಅಡ್ಡ ಮಲಗುತ್ತಿತ್ತು. ಯೋಚಿಸಲು ಸಮಯವಿರಲಿಲ್ಲ. ಸಮಯವಿದ್ದಾಗಲೂ ನಾನು ಯೋಚಿಸಿದವನಲ್ಲ ಎಂಬುದು ಬೇರೆ ಮಾತು. ಸೈನಿಕನ ಕಾಲು ತುಳಿದು, ಮೊಟ್ಟೆಯ ಒಂದು ತಟ್ಟೆ ಉರುಳಿಸಿ, ಮೇಜಿನ ಮೇಲೆ ಬಿದ್ದು, ಹಾಜಿಯವರ ಬಟ್ಟಲನ್ನು ಎತ್ತಿ ಒಂದೇ ಗುಟುಕಿಗೆ ಕುಡಿದುಬಿಟ್ಟೆ. ತಳದ ಚರಟವನ್ನೂ ಬಿಡಲಿಲ್ಲ.

ಮೂರು ಮಹಡಿಗಳಿಂದಲೂ “ಹೋ!” ಎಂಬ ಕೂಗು ಎದ್ದಿತು.

“ನನ್ನ ಬಟ್ಟಲು!” ಎಂದು ಹಾಜಿ ಫಲಾಹ್ ಗುಡುಗಿದರು. “ಐವತ್ತು ವರ್ಷ! ಇನ್ನೂರು ಜಾಹಾ! ಶತ್ರು ಸಹ ನನ್ನ ಬಟ್ಟಲು ಮುಟ್ಟಿರಲಿಲ್ಲ, ನೀನು ಕುಡಿದುಬಿಟ್ಟೆಯಲ್ಲೋ!”

“ಕ್ಷಮಿಸಿ ಹಾಜಿ. ಬೇಡಿಕೆ ಇಲ್ಲ. ಖಾಲಿ.” ಬಟ್ಟಲನ್ನು ತಲೆಕೆಳಗು ಮಾಡಿ ತೋರಿಸಿದೆ.

ಸಿತ್ ರಿಹಾಬ್ ನಗು ತಡೆಯಲು ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡರು. “ಕಾಫಿ ಕುಡಿದಾಯ್ತಲ್ಲ, ಹಾಗಾದ್ರೆ ಬಂದ ಕೆಲಸ ಏನೂ ಇಲ್ಲ ಅಂತಾಯ್ತು. ಅರೀಜ್, ಕ್ಲಾಸಿಗೆ ನಡಿ. ಪೈಪು ಅರ್ಧ ಬಿಚ್ಚಿಟ್ಟು ಬಂದಿದೀಯ.”

ಅರೀಜ್ ಓಡಿಬಂದು, ಮಸಿ ಮೂಗನ್ನು ನನ್ನ ಭುಜಕ್ಕೆ ಒರೆಸಿ, ಸ್ಪ್ಯಾನರು ಸಮೇತ ಓಡಿದಳು. ಒಗೆದರೂ ಆ ಕಲೆ ಹೋಗಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಯಾರೂ ನನ್ನೊಡನೆ ಮಾತಾಡಲಿಲ್ಲ. ಡಾಕ್ಟರ್ ಮುನ್ದಿರ್ ಬಸ್ಸು ಹತ್ತದೆ, ಕುನಾಫಾವನ್ನು ಎದೆಗವಚಿಕೊಂಡು ನಡೆದೇ ಹೋದರು. ಮೊಟ್ಟೆಯವನು ಮಾತ್ರ, “ಅಮ್ಮಾನ್ ಯಾವಾಗ ಬರತ್ತೆ?” ಎಂದು ಎರಡು ಸಲ ಕೇಳಿದ.

ಹಾಜಿ ಫಲಾಹ್ ಎರಡು ವಾರ ನನ್ನ ಸಲಾಮು ತೆಗೆದುಕೊಳ್ಳಲಿಲ್ಲ. ಮೂರನೆಯ ಬುಧವಾರ, ಊರಿಗೆ ನೀರು ಬಿಟ್ಟ ದಿನ, ಮೊಣಕಾಲವರೆಗೆ ಒದ್ದೆಯಾಗಿ ನಮ್ಮ ಮನೆಗೆ ಬಂದರಂತೆ. ಉಮ್ಮ್ ಅರೀಜ್ ಕಾಫಿ ಕೊಟ್ಟಳು. ಅವರು ಬಟ್ಟಲನ್ನು ಕೆಳಗಿಟ್ಟರು.

“ಮನೇಲಿ ಸೊಸೆಯಂದಿರು ಮಾತ್ರ ಇದಾರೆ, ಗಂಡಾಳನ್ನ ಕರೆಯೋ ಹಾಗಿಲ್ಲ. ಟ್ಯಾಂಕು ತುಂಬಿ ಮೆಟ್ಟಿಲ ಮೇಲೆ ಹರೀತಿದೆ. ಹುಡುಗೀನ ಕಳಿಸೋವರೆಗೂ ನಾನು ಕುಡಿಯಲ್ಲ.”

“ತಾತ, ಟ್ಯಾಂಕಿನ ಪಾಠ ಇನ್ನೂ ಬಂದಿಲ್ಲ. ಪೈಪು ಜೋಡಿಸೋದಷ್ಟೇ ಆಗಿರೋದು,” ಎಂದಳಂತೆ ಅರೀಜ್, ಅಷ್ಟರಲ್ಲಾಗಲೇ ಸ್ಪ್ಯಾನರು ಹುಡುಕುತ್ತ. “ಬರ್ತೀನಿ. ಆದ್ರೆ ನೀವು ಕಾಫಿ ಮೊದಲೇ ಕುಡಿದುಬಿಡಿ. ಬಾಬಾ ಬಂದ್ರೆ ಉಳಿಯಲ್ಲ.”

ಚಿತ್ರ ಮತ್ತೆ ಬಸ್ಸಿನಲ್ಲಿ ಅದೇ ಜಾಗದಲ್ಲಿದೆ. ನಿನ್ನೆ ಅಮ್ಮಾನಿನ ಒಬ್ಬ ಯುವಕ, ಟೈ ಕಟ್ಟಿದವನು, ಕನ್ನಡಿಯ ಪಕ್ಕ ಬೆರಳು ತೋರಿಸಿ, “ಕತ್ತೆ ಚೆನ್ನಾಗಿದೆ ಚಾಚಾ, ತಲೆ ಎಲ್ಲಿ?” ಎಂದು ನಕ್ಕ.

ಇಳಿಜಾರಿನಲ್ಲಿ, ಹದಿನೆಂಟು ಪ್ರಯಾಣಿಕರಿದ್ದ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿದೆ.

“ಕಣ್ಣು ಬಿಟ್ಟು ನೋಡಪ್ಪ,” ಎಂದೆ. “ಇದು ಟ್ಯಾಂಕು. ಇವು ಕಬ್ಬಿಣದ ಕಾಲು. ಇದು ಪೈಪು. ಇಷ್ಟು ಸ್ಪಷ್ಟವಾಗಿರೋ ಟ್ಯಾಂಕನ್ನ ಕತ್ತೆ ಅನ್ನೋದಕ್ಕೆ, ನೋಡೋನೇ ಕತ್ತೆ ಆಗಿರ್ಬೇಕು.”